ಹಂಗೇರಿಯಲ್ಲಿ ರೋಮಾ ಜನರ ಸರಣಿ ಕೊಲೆಗಳಿಗೆ ನ್ಯಾಯ ಸಿಕ್ಕಿತಾ?

ಕೊಲೆಗಾರರಿಗೆ ಶಿಕ್ಷೆ ಆಯಿತು. ಆದರೂ ಅದನ್ನು ಪೂರ್ತಿ ನ್ಯಾಯ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ರೋಮಾ ಅಂದರೆ ಯುರೋಪಿನ ಒಂದು ಅಲ್ಪಸಂಖ್ಯಾತ ಸಮುದಾಯ. ಅವರ ಹಿರಿಯರು ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಭಾರತದಿಂದ ಹೋದವರು. ಅವರ ಭಾಷೆಯಲ್ಲಿ ನೀರಿಗೆ ಇವತ್ತಿಗೂ ‘ಪಾನಿ’ ಅಂತಲೇ ಹೇಳುತ್ತಾರೆ.

2009ರ ಫೆಬ್ರವರಿ 23. ತತಾರ್‌ಸೆಂಟ್‌ಗ್ಯೋರ್ಗಿ ಅನ್ನುವ ಹಳ್ಳಿ, ಊರಂಚಿನ ಒಂದು ರೋಮಾ ಕುಟುಂಬದ ಮನೆ. ರಾತ್ರಿ ಹೊತ್ತು ಅದಕ್ಕೆ ಬೆಂಕಿ ಹಚ್ಚಿದರು. ಉರಿ ತಾಳಲಾರದೆ ಅಪ್ಪ ನಾಲ್ಕೈದು ವರ್ಷದ ಮಗನ ಜೊತೆ ಹೊರಗೆ ಓಡಿಬಂದ. ಕತ್ತಲಲ್ಲಿ ಕಾದಿದ್ದವರು ಇಬ್ಬರನ್ನೂ ಗುಂಡಿಟ್ಟು ಕೊಂದರು. ಸ್ಥಳಕ್ಕೆ ಬಂದ ಪೊಲೀಸರು ಮೊದಲು ಹೇಳಿದ್ದೇನು ಗೊತ್ತಾ? ಕರೆಂಟ್ ಶಾರ್ಟ್ ಆಗಿ ಬೆಂಕಿ ಬಿದ್ದಿದೆ, ಹೊಗೆ ಕುಡಿದು ಸತ್ತಿದ್ದಾರೆ ಅಂತ! ಗುಂಡಿನ ಗಾಯ ಮೈಮೇಲೇ ಇತ್ತು. ನೋಡುವ ಮನಸ್ಸಿರಲಿಲ್ಲ, ಅಷ್ಟೇ.

ಅದಾದ ಮೇಲೆ ಅದೇ ಗುಂಪು ಇನ್ನೂ ಇಬ್ಬರನ್ನು ಕೊಂದಿತು. 2008ರಿಂದ ಲೆಕ್ಕ ಹಾಕಿದರೆ ಒಟ್ಟು ಆರು ಜೀವ. 2009ರ ಆಗಸ್ಟ್‌ನಲ್ಲಿ ನಾಲ್ವರು ಸಿಕ್ಕಿಬಿದ್ದರು. 2013ರಲ್ಲಿ ಮೂವರಿಗೆ ಜೀವಾವಧಿ, ಕಾರು ಓಡಿಸಿದವನಿಗೆ 13 ವರ್ಷ ಜೈಲು. ಜೀವಾವಧಿ ಶಿಕ್ಷೆಯನ್ನು ಮೇಲಿನ ಕೋರ್ಟ್ ಕೊನೆಯದಾಗಿ ಖಾಯಂ ಮಾಡಿದ್ದು 2016ರಲ್ಲಿ. ಆ ಮಗು ಬದುಕಿದ್ದಿದ್ದರೆ ಆಗ 11-12 ವರ್ಷದ ಹುಡುಗನಾಗಿರುತ್ತಿದ್ದ.