ಪಕ್ಕದ ಮನೆ ಹುಡುಗಿಗೆ ಚಿತ್ರಗಳಿರುವ ಬೈಬಲ್ ಕಥೆ ಪುಸ್ತಕ ಕೊಡಬೇಕು, ಹೇಗೆ ಆರಿಸಲಿ?

ನೀವು ಶಿರಸಿಯಿಂದ ಕೇಳಿದ್ದು ಇಷ್ಟು: ಪಕ್ಕದ ಮನೆಯ ಕ್ಯಾಥೊಲಿಕ್ ಕುಟುಂಬದ ಹುಡುಗಿಗೆ 8 ವರ್ಷ, ಮುಂದಿನ ತಿಂಗಳು ಚರ್ಚಿನಲ್ಲಿ ಅವಳ ಮೊದಲ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುವಿನ ದೇಹ ಅಂತ ಕೊಡುವ ರೊಟ್ಟಿಯನ್ನು ಅವಳು ಮೊದಲ ಸಲ ಸ್ವೀಕರಿಸುವ ದಿನ. ಅವಳಿಗೆ 4 ವರ್ಷದ ತಮ್ಮ. ನೀವು ಬೈಬಲ್ ಓದಿದವರಲ್ಲ. ಅಂಗಡಿಯಲ್ಲಿ ಎಲ್ಲ ಪುಸ್ತಕವೂ ಒಂದೇ ಥರ ಕಾಣುತ್ತದೆ, ಯಾವುದು ತಗೊಳ್ಳಲಿ?

ನಾನು ಕಾರವಾರದವಳು. ಭಾನುವಾರ ಪೂಜೆ ಆದಮೇಲೆ ಮಕ್ಕಳಿಗೆ ದೊತೊರ್ನ್ ಹೇಳಿಕೊಡುತ್ತೇನೆ, ಅಂದರೆ ಧರ್ಮಪಾಠ. ಇಂಥ ಪುಸ್ತಕಗಳನ್ನು ಮಕ್ಕಳು ಎಲ್ಲಿ ನಿಲ್ಲಿಸಿ ನೋಡುತ್ತಾರೆ, ಎಲ್ಲಿ ಸರ್ರನೆ ಪುಟ ಮಗುಚುತ್ತಾರೆ ಅನ್ನೋದು ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಒಂದು ಪುಸ್ತಕದ ಹೆಸರು ಹೇಳುವ ಬದಲು, ಅಂಗಡಿಯಲ್ಲಿ ನಿಂತು ಯಾವ ಪುಟ ತೆಗೆದು ನೋಡಬೇಕು ಅಂತ ಹೇಳುತ್ತೇನೆ. ಕವರ್ ನೋಡಿ ಮಾತ್ರ ತಗೋಬೇಡಿ. ಕವರ್ ಮೇಲೆ ಎಲ್ಲ ಪುಸ್ತಕದಲ್ಲೂ ಯೇಸು ಮಕ್ಕಳ ನಡುವೆ ನಗುತ್ತಾ ಕೂತಿರುತ್ತಾರೆ.

ಮೊದಲು ನೋಹನ ಪುಟ ತೆಗೆಯಿರಿ. ದೇವರು ಪ್ರಳಯ ತರುತ್ತಾನೆ, ನೋಹ ಒಂದು ನಾವೆ ಕಟ್ಟಿ ತನ್ನ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸುತ್ತಾನೆ, ಇದು ಕಥೆ. ಜಾಸ್ತಿ ಪುಸ್ತಕಗಳಲ್ಲಿ ಬಾನಿಯಂಥ ಪುಟ್ಟ ದೋಣಿ, ಮೇಲಿಂದ ಜಿರಾಫೆಯ ಕತ್ತು, ಪಕ್ಕದಲ್ಲಿ ಆನೆಯ ಸೊಂಡಿಲು. ನೋಡೋಕೆ ಮುದ್ದಾಗಿದೆ. ಆದರೆ ಬೈಬಲ್ಲಿನಲ್ಲಿ ಅಳತೆಯನ್ನೇ ಕೊಟ್ಟಿದೆ: 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ, ಮೂರು ಅಂತಸ್ತು, ಒಳಗೂ ಹೊರಗೂ ರಾಳ ಬಳಿದಿರಬೇಕು. ಮೊಳಕ್ಕೆ ಒಂದೂವರೆ ಅಡಿ ಅಂತ ಹಿಡಿದರೂ ಹತ್ತಿರ ಹತ್ತಿರ 137 ಮೀಟರ್. ನಮ್ಮ ಟ್ಯಾಗೋರ್ ಬೀಚಿನಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದ ಐಎನ್‌ಎಸ್ ಚಪಲ್ ಯುದ್ಧನೌಕೆ ಇದೆಯಲ್ಲ, ಅದು ಸುಮಾರು 38 ಮೀಟರ್. ಅಂಥವು ಮೂರೂವರೆ ಸಾಲಾಗಿ ನಿಲ್ಲಿಸಿದರೆ ನೋಹನ ನಾವೆ. ಇದನ್ನು ಕ್ಲಾಸಿನಲ್ಲಿ ಹೇಳಿದರೆ ನಮ್ಮ ಮೀನುಗಾರಿಕೆ ಬಂದರು ಬೈತಖೋಲದ ಮಕ್ಕಳು ತಕ್ಷಣ ಕೇಳುವುದು, ಇಂಜಿನ್ ಎಲ್ಲಿ, ಚುಕ್ಕಾಣಿ ಯಾರು ಹಿಡಿದರು ಅಂತ. ಚುಕ್ಕಾಣಿ, ಹಾಯಿ ಯಾವುದರ ಮಾತೂ ಅಲ್ಲಿಲ್ಲ. ಅದು ತೇಲಿಕೊಂಡು ಹೋದದ್ದು ಅಷ್ಟೇ. ಚಿತ್ರ ಬಿಡಿಸಿದವರು ಈ ಭಾಗವನ್ನು ಓದಿದ್ದಾರಾ ಇಲ್ಲವಾ ಅಂತ ಆ ಒಂದು ಪುಟದಲ್ಲೇ ಗೊತ್ತಾಗುತ್ತದೆ. ಓದಿದ್ದರೆ ಉಳಿದ ಪುಟಗಳನ್ನೂ ಸ್ವಲ್ಪ ನಂಬಬಹುದು.

ಇದೇ ಪುಟದಲ್ಲಿ ಇನ್ನೊಂದು ಅತಿರೇಕವೂ ಸಿಗುತ್ತದೆ. ಕೆಲವು ಅಗ್ಗದ ಪುಸ್ತಕಗಳು ಫ್ರಾನ್ಸಿನ ಗುಸ್ಟಾವ್ ಡೋರೆ ಬಿಡಿಸಿದ ಹಳೆಯ ಚಿತ್ರಗಳನ್ನೇ ಹಾಕುತ್ತವೆ. ಅವು 1866ರಲ್ಲಿ ಅಚ್ಚಾದವು. ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ, ಯಾರು ಬೇಕಾದರೂ ಮುದ್ರಿಸಬಹುದು. ಅದ್ಭುತ ಚಿತ್ರಗಳು, ನಾನು ಅವುಗಳ ಅಭಿಮಾನಿ. ಆದರೆ ಅವರ ಪ್ರಳಯದ ಚಿತ್ರ ನೋಡಿ: ಮುಳುಗುತ್ತಿರುವ ಒಂದು ಬಂಡೆ, ಅದರ ತುದಿಯಲ್ಲಿ ಮಕ್ಕಳು, ಅಲ್ಲೇ ಮರಿ ಕಚ್ಚಿಕೊಂಡು ನಿಂತ ಒಂದು ಹುಲಿ, ಮಕ್ಕಳನ್ನು ಮೇಲೆ ದೂಡುತ್ತಿರುವ ನೀರಿನಲ್ಲಿನ ಕೈಗಳು. ದೊಡ್ಡವರಿಗೇ ಹೊಟ್ಟೆ ತೊಳಸುತ್ತದೆ. 4 ವರ್ಷದ ತಮ್ಮ ಇರುವ ಮನೆಗೆ ಅದು ಬೇಡ.

ಆಮೇಲೆ ಅಬ್ರಹಾಮನ ಕಥೆ. ತಂದೆ ಮಗನನ್ನೇ ಬಲಿ ಕೊಡಲು ಹೊರಡುತ್ತಾನೆ, ಕೊನೆ ಗಳಿಗೆಯಲ್ಲಿ ದೇವದೂತ ತಡೆಯುತ್ತಾನೆ, ಮಗನ ಬದಲು ಪೊದೆಯಲ್ಲಿ ಸಿಕ್ಕಿಕೊಂಡ ಟಗರು. ಇಂಥ ಕಥೆಯನ್ನು ಮಕ್ಕಳ ಪುಸ್ತಕದಲ್ಲಿ ಬಿಟ್ಟರೂ ನನ್ನದೇನೂ ತಕರಾರಿಲ್ಲ. ಇದ್ದರೆ ಮಾತ್ರ ಒಂದು ನೋಡಿ: ಚಾಕು ಎತ್ತಿದ ಚಿತ್ರದಲ್ಲೇ ಮೂಲೆಯಲ್ಲಿ ಎಲ್ಲಾದರೂ ಆ ಟಗರಿನ ಕೊಂಬು ಕಾಣುತ್ತದಾ? ಜಾಣ ಚಿತ್ರಕಾರರು ಅದನ್ನು ಅಲ್ಲೇ ಅಡಗಿಸಿ ಇಡುತ್ತಾರೆ. ಮಕ್ಕಳು ಹುಡುಕಿ ಬೆರಳಿಡುತ್ತಾರೆ, ಹೆದರಿಕೆ ಅಲ್ಲಿಗೆ ಮುಗಿಯಿತು. ಟಗರು ಮುಂದಿನ ಪುಟದಲ್ಲಿದ್ದರೆ, ಮಲಗುವ ಹೊತ್ತಿಗೆ ಓದಿ ಅರ್ಧಕ್ಕೆ ನಿಲ್ಲಿಸಿದರೆ ಕಷ್ಟ ಅಲ್ವಾ? ದಾವೀದ ಅನ್ನೋ ಹುಡುಗ ಗೊಲ್ಯಾತ ಅನ್ನೋ ದೈತ್ಯನನ್ನು ಕವಣೆ ಕಲ್ಲಿನಿಂದ ಬೀಳಿಸುವ ಪುಟವನ್ನೂ ಹೀಗೇ ನೋಡಿ. ಕವಣೆ ಬೀಸುವ ಹುಡುಗನನ್ನು ತೋರಿಸಿದರೆ ಸಾಕು. ಮುಂದೆ ಅವನು ದೈತ್ಯನ ಕತ್ತಿಯಿಂದಲೇ ಅವನ ತಲೆ ಕಡಿಯುತ್ತಾನೆ ಅನ್ನೋದು ಬೈಬಲ್ಲಿನಲ್ಲಿದೆ, ನಿಜ. ಅದಕ್ಕೆ ಚಿತ್ರ ಬೇಕಿಲ್ಲ.

ಇನ್ನು ಹೊಸ ಒಡಂಬಡಿಕೆ, ಅಂದರೆ ಯೇಸುವಿನ ಕಾಲದ ಕಥೆಗಳು. ನಿಮ್ಮ ಉಡುಗೊರೆಗೆ ಇದೇ ಮುಖ್ಯ ಭಾಗ. ಹುಡುಗಿ ಮೊದಲ ಸಲ ಪರಮಪ್ರಸಾದ ತಗೊಳ್ಳುವವಳು, ಹಾಗಾಗಿ ಎರಡು ಕಥೆ ಇರಲೇಬೇಕು. ಒಂದು, ಐದು ರೊಟ್ಟಿ ಎರಡು ಮೀನಿನಲ್ಲಿ 5000 ಜನ ಊಟ ಮಾಡಿದ್ದು, 12 ಬುಟ್ಟಿ ಉಳಿದದ್ದು. ಇನ್ನೊಂದು, ಕೊನೆಯ ಭೋಜನ, ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರಿಗೆ ರೊಟ್ಟಿ ಮುರಿದು ಕೊಟ್ಟದ್ದು; ಪರಮಪ್ರಸಾದ ಶುರುವಾದದ್ದು ಅಲ್ಲಿಂದಲೇ. ಮೊದಲನೆಯದರಲ್ಲಿ ರೊಟ್ಟಿ ಮೀನು ತಂದಿದ್ದು ಒಬ್ಬ ಹುಡುಗ. ಯೇಸುವಿನ ಬದುಕನ್ನು ಹೇಳುವ ಗ್ರಂಥಗಳಿಗೆ ಸುವಾರ್ತೆ ಅನ್ನುತ್ತಾರೆ, ನಾಲ್ಕಿವೆ; ಈ ಹುಡುಗ ಯೋಹಾನನ ಸುವಾರ್ತೆಯಲ್ಲಿ ಮಾತ್ರ ಬರುತ್ತಾನೆ. ಆ ಹುಡುಗನಿಗೆ ಒಂದು ಮುಖ ಕೊಟ್ಟು, ಅವನನ್ನು ಚಿತ್ರದ ಮುಂದೆ ತಂದ ಪುಸ್ತಕ ನನಗೆ ಇಷ್ಟ. ಮಕ್ಕಳು ಗುಂಪಿನ ಚಿತ್ರ ನೋಡುವಾಗ ಮೊದಲು ಹುಡುಕುವುದು ತಮ್ಮ ವಯಸ್ಸಿನವರನ್ನೇ.

ಶಿಲುಬೆಯ ಪುಟವನ್ನು ತಪ್ಪದೆ ನೋಡಿ. ತೀರಾ ಚಿಕ್ಕವರ ಪುಸ್ತಕಗಳಲ್ಲಿ ಆ ಪುಟವನ್ನೇ ಹಾರಿಸಿಬಿಡುತ್ತಾರೆ. ಭೋಜನ ಆಯಿತು, ಮುಂದಿನ ಪುಟದಲ್ಲಿ ಯೇಸು ಸತ್ತು ಮತ್ತೆ ಎದ್ದುಹೋದ ಖಾಲಿ ಸಮಾಧಿ. 8 ವರ್ಷದವಳಿಗೆ ಅದು ಆಗಲ್ಲ, ಅವಳು ಚರ್ಚಿನಲ್ಲಿ ಪ್ರತಿ ವಾರ ಶಿಲುಬೆ ನೋಡುವವಳು. ಹಾಗಂತ ರಕ್ತ ಸುರಿಯುವ ಹತ್ತಿರದ ಚಿತ್ರವೂ ಬೇಡ. ದೂರದ ಗುಡ್ಡದ ಮೇಲೆ ಮೂರು ಶಿಲುಬೆ, ಕೆಳಗೆ ಯೇಸುವಿನ ತಾಯಿ ಮರಿಯಳು, ಇಷ್ಟಿದ್ದರೆ ಸಾಕು.

ಗಲಿಲೇಯ ಸಮುದ್ರದಲ್ಲಿ ಶಿಷ್ಯರ ದೋಣಿಗೆ ಬಡಿದ ಬಿರುಗಾಳಿಯನ್ನು ಯೇಸು ಒಂದು ಮಾತಿನಲ್ಲಿ ಅಡಗಿಸಿದ್ದು ನಮ್ಮ ಕರಾವಳಿ ಮಕ್ಕಳ ಅಚ್ಚುಮೆಚ್ಚಿನ ಕಥೆ. ಹೆಸರಿಗೆ ಸಮುದ್ರ, ಅಸಲಿಗೆ ಸಿಹಿನೀರಿನ ಸರೋವರ, ಉದ್ದ ಸುಮಾರು 21 ಕಿಲೋಮೀಟರ್. 1986ರಲ್ಲಿ ಬರಗಾಲ ಬಂದು ನೀರು ಇಳಿದಾಗ ಅಲ್ಲಿ ಕೆಸರಿನೊಳಗೆ ಯೇಸುವಿನ ಕಾಲದ ಆಸುಪಾಸಿನ ಮರದ ದೋಣಿಯೊಂದು ಸಿಕ್ಕಿತು. 8 ಮೀಟರ್‌ಗಿಂತ ಸ್ವಲ್ಪ ಉದ್ದ, 2.3 ಮೀಟರ್ ಅಗಲ. ಇಲ್ಲಿ ನಾಡದೋಣಿ ನೋಡಿದವರಿಗೆ ಅಳತೆ ಕಣ್ಣಿಗೆ ಕಟ್ಟುತ್ತದೆ. ಇಷ್ಟು ಚಿಕ್ಕ ದೋಣಿಯ ಹಿಂಭಾಗದಲ್ಲಿ ಯೇಸು ತಲೆದಿಂಬು ಇಟ್ಟು ಮಲಗಿದ್ದರು, ಅಲೆ ಒಳಗೆ ಹೊಡೆಯುತ್ತಿತ್ತು ಅಂತ ಮಾರ್ಕನ ಸುವಾರ್ತೆ ಹೇಳುತ್ತದೆ. ತಲೆದಿಂಬು ಚಿತ್ರದಲ್ಲಿ ಇದ್ದರೆ ಒಂದು ಮಾರ್ಕು ಜಾಸ್ತಿ ಕೊಡಿ. ಹಡಗಿನಂಥ ಹಡಗು ಬಿಡಿಸಿದ್ದರೆ ಕಳೆಯಿರಿ.

ಯೇಸುವಿನ ಬಣ್ಣದ ಬಗ್ಗೆಯೂ ಹೇಳಿಬಿಡುತ್ತೇನೆ. ಹೊಂಬಣ್ಣದ ಕೂದಲು, ನೀಲಿ ಕಣ್ಣಿನ ಚಿತ್ರ ನನಗೆ ಒಗ್ಗಲ್ಲ. ಅವರು ಹುಟ್ಟಿದ್ದು ಪಶ್ಚಿಮ ಏಷ್ಯಾದಲ್ಲಿ. ಪಕ್ಕದ ಗೋವಾದ ಆಂಜೆಲೊ ಡ ಫೊನ್ಸೆಕಾ (1902–1967) ಮರಿಯಳಿಗೆ ಸೀರೆ ಉಡಿಸಿಯೇ ಚಿತ್ರ ಬಿಡಿಸಿದವರು. ಆ ಥರದ್ದು ಮಕ್ಕಳ ಪುಸ್ತಕದಲ್ಲಿ ಕಂಡರೆ ಖುಷಿಯಿಂದ ಕೊಳ್ಳಿ, ಕಾಣದಿದ್ದರೆ ಕನಿಷ್ಠ ಗೋಧಿ ಬಣ್ಣದ ಮುಖ ಇರುವುದನ್ನು ಆರಿಸಿ.

ಇಷ್ಟೆಲ್ಲ ಆದಮೇಲೆ ಬರಹ. ಒಂದು ಪುಟವನ್ನು ಅಂಗಡಿಯಲ್ಲೇ ಮೆಲ್ಲಗೆ ಬಾಯಿಬಿಟ್ಟು ಓದಿ. ಕನ್ನಡದಲ್ಲಿ ಸಿಗುವ ಬಣ್ಣದ ಪುಸ್ತಕಗಳಲ್ಲಿ ಎಷ್ಟೋ ಹೊರದೇಶದವು. ಚಿತ್ರ ಅದೇ, ಅಕ್ಷರ ಮಾತ್ರ ಬದಲು. ಇದ್ದ ಜಾಗಕ್ಕೆ ತುರುಕಿದ ವಾಕ್ಯಗಳು ನಾಲಿಗೆಗೆ ತೊಡರುತ್ತವೆ. ಮನೆಯಲ್ಲಿ ಕೊಂಕಣಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದುವ ಮಗುವಿಗೆ ಇದು ಇನ್ನೂ ಕಷ್ಟ. ಅವಳದ್ದು ಇಂಗ್ಲಿಷ್ ಮೀಡಿಯಂ ಆದರೆ, ತಮ್ಮನಿಗೆ ಯಾರು ಓದಿ ಹೇಳುತ್ತಾರೋ ಅವರ ಭಾಷೆಯದ್ದೇ ತಗೊಳ್ಳಿ.

ಓದಲು ಯೇಸು ಹೇಳಿದ ದಾರಿತಪ್ಪಿದ ಮಗನ ಕಥೆಯನ್ನೇ ಆರಿಸಿ. ಚಿಕ್ಕ ಮಗ ಆಸ್ತಿಯ ಪಾಲು ಹಾಳುಮಾಡಿ ವಾಪಸ್ ಬರುತ್ತಾನೆ, ತಂದೆ ಹಬ್ಬದೂಟ ಹಾಕಿಸುತ್ತಾನೆ. ಅಷ್ಟಕ್ಕೇ ಮುಗಿಸಿದ ಪುಸ್ತಕಗಳು ತುಂಬಾ. ಆದರೆ ಮನೆಯಲ್ಲೇ ಇದ್ದು ದುಡಿದ ಅಣ್ಣ ಸಿಟ್ಟಾಗಿ ಹೊರಗೇ ನಿಂತಿದ್ದಾನೆ, ತಂದೆ ಹೊರಗೆ ಬಂದು ಅವನನ್ನೂ ಕರೆಯುತ್ತಾನೆ. ಅವನು ಒಳಗೆ ಹೋದನಾ ಅಂತ ಯೇಸು ಹೇಳಲೇ ಇಲ್ಲ. ತಮ್ಮನಿರುವ ಅಕ್ಕನಿಗೆ ಇದೇ ನಿಜವಾದ ಕಥೆ! ಅಣ್ಣನನ್ನು ಉಳಿಸಿಕೊಂಡ ಪುಸ್ತಕವನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಪ್ರತಿ ಕಥೆಯ ಕೆಳಗೆ ‘ಮಕ್ಕಳೇ, ನೀವೂ ಹೀಗೆ ವಿಧೇಯರಾಗಿರಿ’ ಅಂತ ಬರೆದದ್ದನ್ನು ಅಲ್ಲೇ ಇಟ್ಟು ಬನ್ನಿ.

ಕ್ಯಾಥೊಲಿಕ್ ಬೈಬಲ್ಲಿನಲ್ಲಿ 73 ಗ್ರಂಥ, ಪ್ರೊಟೆಸ್ಟೆಂಟರದ್ದರಲ್ಲಿ 66. ಮಕ್ಕಳ ಕಥೆಗಳ ಮಟ್ಟಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟಲ್ಲ. ಆದರೂ ಮನೆಯವರಿಗೆ ಸಮಾಧಾನ ಆಗಲಿ ಅಂದರೆ ಒಳಪುಟದಲ್ಲಿ ಬಿಷಪರ ಅನುಮತಿ ಅಂತ ಅಚ್ಚಾಗಿದೆಯಾ ನೋಡಿ. ಆ ಹೆಚ್ಚಿನ ಏಳು ಗ್ರಂಥಗಳಲ್ಲಿ ಒಂದಾದ ತೊಬಿತನ ಕಥೆ ಇದ್ದರೆ ಅದು ಕ್ಯಾಥೊಲಿಕ್ ಪುಸ್ತಕ. ಅದರಲ್ಲಿ ಒಂದು ನಾಯಿಯೂ ಔಷಧಿಯಾಗುವ ಒಂದು ಮೀನೂ ಬರುತ್ತವೆ, ತಮ್ಮನಿಗೆ ಅದೇ ಸಾಕು.

ಕಾಗದದ ವಿಷಯ. ತುಂಬಾ ಮಿರಿಮಿರಿ ಮಿಂಚುವ ಹಾಳೆ ನಮ್ಮ ಕಡೆಯ ಮಳೆಗೆ ಬಾಳಿಕೆ ಬರಲ್ಲ. ಜೂನ್‌, ಜುಲೈನಲ್ಲಿ ಸ್ವಲ್ಪ ಒದ್ದೆಯಾದರೂ ಪುಟಕ್ಕೆ ಪುಟ ಅಂಟಿಕೊಳ್ಳುತ್ತದೆ, ಬಿಡಿಸಿದರೆ ಬಣ್ಣ ಕಿತ್ತು ಬರುತ್ತದೆ. ಮಿಂಚದ ಹಾಳೆ, ದಾರದಲ್ಲಿ ಹೊಲಿದ ಬೈಂಡಿಂಗ್ ಇದ್ದರೆ ನೂರಿನ್ನೂರು ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಶಿರಸಿಯಲ್ಲಿ ಸಿಗದಿದ್ದರೆ ಪಣಜಿ, ಮಂಗಳೂರಿನ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಆಯ್ಕೆ ಜಾಸ್ತಿ. ಆನ್‌ಲೈನಿನಲ್ಲಿ ಆದರೆ ಒಳಪುಟಗಳ ಫೋಟೋ ಹಾಕದ್ದನ್ನು ತರಿಸಬೇಡಿ. ಕೊಳ್ಳುವ ಮೊದಲು ಹುಡುಗಿಯ ಅಮ್ಮನ ಹತ್ತಿರ ಸುಮ್ನೆ ಒಂದು ಮಾತು ಕೇಳಿ, ಇಂಥದ್ದು ಮನೆಯಲ್ಲಿ ಆಗಲೇ ಇದೆಯಾ ಅಂತ. ಮೊದಲ ಪರಮಪ್ರಸಾದದ ದಿನ ಜಪಸರ, ಪುಸ್ತಕಗಳು ಒಂದಕ್ಕೆರಡು ಬರುವುದುಂಟು. ಇದ್ದರೆ ಅದು ಯಾವುದು ಅಂತ ಇಲ್ಲೇ ಬರೆಯಿರಿ, ಬೇರೆ ಏನು ಕೊಡಬಹುದು ಅಂತ ಹೇಳುತ್ತೇನೆ.