ಓದುಗರ ಪ್ರಶ್ನೆ: ಕಾಫಿ ಸಂಘದ ಲೆಕ್ಕಕ್ಕೆ ಯಾವ ಕ್ಲೌಡ್?

ಪ್ರಶ್ನೆ: ನಮ್ಮದು ಸಣ್ಣ ಕಾಫಿ ಬೆಳೆಗಾರರ ಸಂಘ. ಕಳೆದ ಮಳೆಗಾಲದಲ್ಲಿ ಕಚೇರಿಯ ಕಂಪ್ಯೂಟರಿಗೆ ನೀರಿಳಿದು ಸದಸ್ಯರ ಲೆಕ್ಕವೆಲ್ಲ ಹೋಯಿತು. ಇನ್ನು ಮುಂದೆ ಕ್ಲೌಡ್‌ನಲ್ಲಿ ಇಡಿ ಎನ್ನುತ್ತಾರೆ. ಹಾಗೆಂದರೇನು? ಅದರಲ್ಲಿ ಮೂರು ಬಗೆಗಳಿವೆಯಂತೆ. ನಮಗೆ ಯಾವುದು ತಕ್ಕದ್ದು?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಸದಸ್ಯರ ಲೆಕ್ಕ ಕಳೆದುಹೋದ ಸಂಕಟ ನಮಗೆ ಅರ್ಥವಾಗುತ್ತದೆ. ಕ್ಲೌಡ್ ಎಂದರೆ ದೊಡ್ಡ ಸಂಸ್ಥೆಗಳು ಮುಂಬೈ, ಹೈದರಾಬಾದಿನಂಥ ಊರುಗಳ ಡೇಟಾ ಸೆಂಟರುಗಳಲ್ಲಿ, ಅಂದರೆ ಸಾವಿರಾರು ಕಂಪ್ಯೂಟರುಗಳನ್ನು ಒಟ್ಟಿಗೆ ಇಟ್ಟ ಕಟ್ಟಡಗಳಲ್ಲಿ, ನಡೆಸುವ ಕಂಪ್ಯೂಟರುಗಳನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಪಡೆಯುವ ವ್ಯವಸ್ಥೆ. ಸರ್ವರ್ ಎಂದು ಕರೆಯುವ ಅಲ್ಲಿನ ಒಂದು ದೊಡ್ಡ ಕಂಪ್ಯೂಟರನ್ನು ತಂತ್ರಾಂಶದಿಂದಲೇ ಹಲವು ಕಂಪ್ಯೂಟರುಗಳಂತೆ ಪಾಲು ಮಾಡಿ ಬೇರೆ ಬೇರೆ ಗ್ರಾಹಕರಿಗೆ ಕೊಡುವುದರಿಂದ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೆಚ್ಚು ಸಾಮರ್ಥ್ಯ ಪಡೆದು, ಕೆಲಸ ಕಡಿಮೆಯಾದಾಗ ಅದನ್ನು ಬಿಟ್ಟುಕೊಟ್ಟು, ಬಳಸಿದಷ್ಟಕ್ಕೆ ಮಾತ್ರ ಹಣ ತೆರಲು ಸಾಧ್ಯವಾಗುತ್ತದೆ.

ನೀವು ಕೇಳಿದ ಮೂರು ಬಗೆಗಳು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2011ರಲ್ಲಿ ಪ್ರಕಟಿಸಿದ ವ್ಯಾಖ್ಯೆಯಲ್ಲಿವೆ. ನಿರ್ವಹಣೆಯ ಕೆಲಸದಲ್ಲಿ ಎಷ್ಟು ನಮ್ಮದು, ಎಷ್ಟು ಅವರದು ಎಂಬುದೇ ಅವುಗಳ ನಡುವಿನ ವ್ಯತ್ಯಾಸ. ಬರಿಯ ಜಾಗವನ್ನು ಗೇಣಿಗೆ ಪಡೆದು ತೋಟವನ್ನು ನಾವೇ ಎಬ್ಬಿಸುವಂತೆ, ‘ಇನ್‌ಫ್ರಾಸ್ಟ್ರಕ್ಚರ್’ ಸೇವೆಯಲ್ಲಿ ಯಂತ್ರದ ಸಾಮರ್ಥ್ಯವಷ್ಟೇ ಸಿಗುತ್ತದೆ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಂನಿಂದ ಹಿಡಿದು ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. 2006ರಲ್ಲಿ ಅಮೆಜಾನ್ ಆರಂಭಿಸಿದ ಇಸಿ2 ಎಂಬ ಬಾಡಿಗೆ ಕಂಪ್ಯೂಟರ್ ಸೇವೆ ಈ ಬಗೆಯದು. ಕಣವೂ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರೂ ಸಿದ್ಧವಿದ್ದು ಹಣ್ಣು ಮಾತ್ರ ನಮ್ಮದಾದರೆ ಅದು ‘ಪ್ಲಾಟ್‌ಫಾರ್ಮ್’ ಸೇವೆ: ಯಂತ್ರ, ಆಪರೇಟಿಂಗ್ ಸಿಸ್ಟಂ ಅವರದು, ಅದರ ಮೇಲೆ ಓಡುವ ತಂತ್ರಾಂಶ ನಮ್ಮದು. ಸ್ವಂತ ತಂತ್ರಾಂಶ ಬರೆಯುವವರಿಗಷ್ಟೇ ಅದರ ಅಗತ್ಯ. ಮೂರನೆಯದಾದ ‘ಸಾಫ್ಟ್‌ವೇರ್’ ಸೇವೆಯೆಂದರೆ ಅಂಗಡಿಯಿಂದ ತಂದ ಕಾಫಿಪುಡಿಯಂತೆ ನೇರ ಬಳಕೆಗೆ ಸಿದ್ಧವಾದದ್ದು. ಜಿಮೇಲ್, ಗೂಗಲ್ ಶೀಟ್ಸ್ ಇದಕ್ಕೆ ಉದಾಹರಣೆಗಳು.

ನಿಮ್ಮ ಸಂಘಕ್ಕೆ ಮೂರನೆಯದೇ ಸಾಕು. ಸರ್ವರ್ ನೋಡಿಕೊಳ್ಳುವ ಜನವಿಲ್ಲದ ಕಡೆ ಮೊದಲೆರಡನ್ನು ಯಾರಾದರೂ ಮಾರಲು ಬಂದರೆ ದಯವಿಟ್ಟು ಒಪ್ಪಬೇಡಿ. ಆದರೆ ಮೂರನೆಯದರಲ್ಲಿಯೂ ಪಾಸ್‌ವರ್ಡ್ ಕಾಯುವ ಹೊಣೆ, ಯಾರು ಯಾವ ಲೆಕ್ಕ ನೋಡಬಹುದೆಂದು ನಿರ್ಧರಿಸುವ ಹೊಣೆ ಸಂಘದ್ದೇ ಆಗಿರುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಕಚೇರಿಯ ಕಡತ ಕ್ಲೌಡ್‌ನೊಂದಿಗೆ ತಾನಾಗಿ ಹೊಂದಿಕೊಳ್ಳುವಂತೆ ಮಾಡಿದ್ದರೆ ಇಲ್ಲಿ ತಪ್ಪಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಆದ್ದರಿಂದ ಅದನ್ನು ಬ್ಯಾಕಪ್, ಅಂದರೆ ಬೇರೆಯಾಗಿ ಕಾದಿಟ್ಟ ಪ್ರತಿ, ಎಂದು ನಂಬಬಾರದು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇಲ್ಲದಿರುವ ನಮ್ಮ ಜಿಲ್ಲೆಯಲ್ಲಿ, ಅಂತರ್ಜಾಲವಿಲ್ಲದಾಗಲೂ ಲೆಕ್ಕ ಬರೆದುಕೊಂಡು ಸಂಪರ್ಕ ಬಂದಾಗ ಕಳುಹಿಸುವ ತಂತ್ರಾಂಶವನ್ನೇ ಆರಿಸಿ, ಪ್ರತಿ ತಿಂಗಳ ಲೆಕ್ಕದ ಒಂದು ಪ್ರತಿಯನ್ನು ಹಾರ್ಡ್‌ಡಿಸ್ಕಿನಲ್ಲಿ ತುಂಬಿ, ಕಚೇರಿಯಿಂದ ದೂರದಲ್ಲಿರುವ ಸದಸ್ಯರೊಬ್ಬರ, ನೀರು ನುಗ್ಗದ ಮನೆಯಲ್ಲಿ ಇಡಿ.