ಕೆಲಸ ಬದಲಿಸಿದಾಗ ಪಿಎಫ್ ಹಣ ತೆಗೆಯಬೇಕಾ, ಹೊಸ ಕಂಪನಿಗೆ ವರ್ಗಾಯಿಸಬೇಕಾ?

ವರ್ಗಾಯಿಸಿ. ತೀರಾ ಕಷ್ಟ ಇಲ್ಲದಿದ್ದರೆ ತೆಗೆಯಲೇಬೇಡಿ.

ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ ನೀವು ಶೇ. 12 ಕಟ್ಟುತ್ತೀರಿ, ಕಂಪನಿಯೂ ಅಷ್ಟೇ ಕಟ್ಟುತ್ತದೆ. ಆದರೆ ಕಂಪನಿಯ ಪಾಲಿನಲ್ಲಿ ಸ್ವಲ್ಪ, ಸಾಮಾನ್ಯವಾಗಿ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ, ಪಿಂಚಣಿ ಯೋಜನೆಗೆ ಹೋಗುತ್ತದೆ. ಪಾಸ್‌ಬುಕ್‌ನಲ್ಲಿ ಕಂಪನಿಯ ಪಾಲು ಕಡಿಮೆ ಕಂಡು ತುಂಬಾ ಜನ ಗಾಬರಿಯಾಗುತ್ತಾರೆ. ಕಾರಣ ಇದೇ.

ಆ ಪಿಂಚಣಿ ಸಿಗಲು ಒಟ್ಟು 10 ವರ್ಷದ ಸೇವೆ ಬೇಕು. ಮಧ್ಯದಲ್ಲಿ ಪಿಂಚಣಿ ಹಣವನ್ನೂ ತೆಗೆದುಬಿಟ್ಟರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಎಷ್ಟು ನಷ್ಟ ಅಲ್ವಾ? 5 ವರ್ಷ ತುಂಬುವ ಮೊದಲೇ ಸುಮ್ನೆ ಪಿಎಫ್ ತೆಗೆದರೆ ತೆರಿಗೆಯೂ ಬೀಳಬಹುದು. ವರ್ಗಾಯಿಸಿದ್ದರೆ ಹಳೇ ಕಂಪನಿಯ ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ.

ಹೊಸ ಕಡೆ ಹಳೇ ಯುಎಎನ್ ಸಂಖ್ಯೆಯನ್ನೇ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಕೊಡಿ. ಹಳೇ ಕಂಪನಿ ನೀವು ಕೆಲಸ ಬಿಟ್ಟ ದಿನಾಂಕ ನಮೂದಿಸಿದೆಯಾ ಅಂತಲೂ ನೋಡಿಕೊಳ್ಳಿ.